ಬಕೆಟ್ ನೆಲ ಮುಟ್ಟಿದ ಮೇಲೆ

ಸಾಸಿವೆ ಕಾಳಿಗಿಂತ ಸಣ್ಣ ಚುಕ್ಕೆ. ಎಡಗೈಯ ತೋರುಬೆರಳಿನ ತುದಿಯಲ್ಲಿ, ಮೆತ್ತಗಿನ ಭಾಗದಲ್ಲಿ ಇತ್ತು. ರಕ್ತ ಬಂದಿರಲಿಲ್ಲ, ಸುತ್ತಲಿನ ಚರ್ಮ ತುಸು ಬಿಳಿಚಿಕೊಂಡಿತ್ತು ಅಷ್ಟೆ. "ಸೂಜಿ ಚುಚ್ಚಿದ ಹಾಗಾಯಿತು ಅಣ್ಣಾ" ಎಂದು ಹುಡುಗ ಬೆರಳು ಮುಂದೆ ಮಾಡಿದ. ನಾನು ಹಿಡಿದು ನೋಡಿ, "ಏನೂ ಆಗಿಲ್ಲ, ಸೋಪು ಹಚ್ಚಿ ತೊಳೆದುಕೋ" ಎಂದೆ.

2009ರ ಬೇಸಿಗೆ ಅದು. ಸಂಡೂರಿನ ಹತ್ತಿರದ ಒಂದು ಅದಿರು ಪ್ಲಾಟಿನಲ್ಲಿ ಯಂತ್ರಗಳ ನಿರ್ವಹಣೆಯ ಮೇಲ್ವಿಚಾರಕನಾಗಿದ್ದೆ. ಅದಿರು ಹೊತ್ತ ಲಾರಿಗಳು ಹಗಲು ರಾತ್ರಿ ಎನ್ನದೆ ಸಾಲುಗಟ್ಟುತ್ತಿದ್ದ ಕಾಲ. ಮರ, ಮನೆ, ಎಮ್ಮೆಯ ಬೆನ್ನು, ಊಟದ ಡಬ್ಬಿ ಎಲ್ಲದರ ಮೇಲೂ ಕೆಂಪು ಧೂಳು. ಯಂತ್ರ ಒಂದು ಗಂಟೆ ನಿಂತರೆ ಮಾಲೀಕರ ಫೋನು, ಎರಡು ಗಂಟೆ ನಿಂತರೆ ಮಾಲೀಕರೇ ಬರುತ್ತಿದ್ದರು. ಆ ದಿನ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ನೆಲ ಅಗೆಯುವ, ಇಪ್ಪತ್ತು ಟನ್ನಿನ ಒಂದು ಎಕ್ಸ್‌ಕವೇಟರಿನ ಆರ್ಮನ್ನು, ಅಂದರೆ ಬಕೆಟ್ ಹಿಡಿದ ತೋಳನ್ನು, ಎಣ್ಣೆಯ ಒತ್ತಡದಿಂದ ಆಡಿಸುವ ಸಿಲಿಂಡರಿನ ಹೋಸ್ ಪೈಪಿನ ಮೇಲೆ ಧೂಳು ಒದ್ದೆಯಾಗಿ ಕಪ್ಪಗೆ ಕಾಣಿಸಿತು. ಎಣ್ಣೆ ಎಲ್ಲಿಂದಲೋ ಸೋರುತ್ತಿತ್ತು, ಎಲ್ಲಿಂದ ಎಂದು ಗೊತ್ತಾಗುತ್ತಿರಲಿಲ್ಲ. ಆಪರೇಟರ್ ಇಂಜಿನ್ ಓಡಿಸುತ್ತ ಆರ್ಮ್ ಎಳೆದು ಹಿಡಿದಿದ್ದ. ಹೆಲ್ಪರ್ ಹುಡುಗ, ಹತ್ತೊಂಬತ್ತು ವರ್ಷದವನು, ಬಟ್ಟೆಯ ಕೈಗವಸು ಹಾಕಿಕೊಂಡು ಪೈಪಿನ ಉದ್ದಕ್ಕೂ ಬೆರಳು ಆಡಿಸಿ ಜಾಗ ಹುಡುಕಿದ. ಹುಡುಕು ಎಂದವನು ನಾನೇ. ಜಾಗ ಸಿಕ್ಕಿತು.

ನಮ್ಮ ಕಡೆ ಮುಂದೆ ಅಗಲ ಬಕೆಟ್, ಹಿಂದೆ ಅಗೆಯುವ ಕೈ ಇರುವುದೆಲ್ಲ ಜೆಸಿಬಿ. ಚೈನಿನ ಮೇಲೆ ನಡೆಯುವುದೆಲ್ಲ ಹಿಟಾಚಿ. ಯಾರು ತಯಾರಿಸಿದ್ದರೂ ಜನ ಕರೆಯುವ ಹೆಸರು ಅದೇ. ಆ ದಿನದ ಯಂತ್ರ ಯಾವ ಕಂಪನಿಯದು ಎಂಬುದು ಇಲ್ಲಿ ಬೇಕಿಲ್ಲ. ಯಂತ್ರದಲ್ಲಿ ದೋಷವಿರಲಿಲ್ಲ. ಸವೆದ ಹೋಸು ಸೋರುವುದು ಸಹಜ. ಅದನ್ನು ಹುಡುಕಲು ಒಬ್ಬ ಹುಡುಗನ ಕೈಯನ್ನು ಬಳಸಿದ್ದು ನನ್ನ ತಪ್ಪು.

ಡಿಪ್ಲೊಮಾದಲ್ಲಿ ನಾನು ಪ್ಯಾಸ್ಕಲನ ನಿಯಮವನ್ನು ಚಿತ್ರಸಮೇತ ಬರೆದು ಪೂರ್ತಿ ಅಂಕ ತೆಗೆದುಕೊಂಡವನು. ಮುಚ್ಚಿದ ಪಾತ್ರೆಯೊಳಗಿನ ದ್ರವದ ಮೇಲೆ ಎಲ್ಲಿ ಒತ್ತಿದರೂ ಆ ಒತ್ತಡ ಎಲ್ಲ ದಿಕ್ಕಿಗೂ ಕುಂದದೆ ಹರಡುತ್ತದೆ. ಪ್ಯಾಸ್ಕಲ್ ತೀರಿಕೊಂಡ ಮರುವರ್ಷ, 1663ರಲ್ಲಿ, ಈ ಮಾತಿರುವ ಅವನ ಬರಹ ಅಚ್ಚಾಯಿತು. 1795ರಲ್ಲಿ ಇಂಗ್ಲೆಂಡಿನ ಜೋಸೆಫ್ ಬ್ರಾಮಾ ಅದೇ ತತ್ವದ ಮೇಲೆ ಹೈಡ್ರಾಲಿಕ್ ಪ್ರೆಸ್‌ಗೆ ಪೇಟೆಂಟ್ ಪಡೆದ. ಇದೆಲ್ಲ ನನಗೆ ಬಾಯಿಪಾಠವಾಗಿತ್ತು. "ಎಲ್ಲ ದಿಕ್ಕಿಗೂ" ಎನ್ನುವುದರಲ್ಲಿ ಮನುಷ್ಯನ ಬೆರಳಿನ ದಿಕ್ಕೂ ಸೇರಿದೆ ಎಂದು ಮಾತ್ರ ಹೊಳೆದಿರಲಿಲ್ಲ.

ಇಪ್ಪತ್ತು ಟನ್ನಿನ ಎಕ್ಸ್‌ಕವೇಟರಿನ ಎಣ್ಣೆಯ ಒತ್ತಡ ಸುಮಾರು 350 ಬಾರ್. ಹೆಬ್ಬೆರಳಿನ ಉಗುರಿನಷ್ಟು ಜಾಗದ ಮೇಲೆ ಐವತ್ತು ಕಿಲೋದ ಏಳು ಅಕ್ಕಿ ಮೂಟೆಗಳನ್ನು ಒಂದರ ಮೇಲೊಂದು ಇಟ್ಟರೆ ಎಷ್ಟೋ ಅಷ್ಟು. ಕಾರಿನ ಟೈರಿನಲ್ಲಿ ಇರುವುದಕ್ಕಿಂತ ನೂರೈವತ್ತು ಪಟ್ಟು. ಈ ಒತ್ತಡದ ಎಣ್ಣೆಗೆ ಸೂಜಿಮೊನೆಯಷ್ಟು ತೂತು ಸಿಕ್ಕರೆ ಅದು ಸೆಕೆಂಡಿಗೆ 250 ಮೀಟರಿಗೂ ಹೆಚ್ಚಿನ ವೇಗದಲ್ಲಿ ಹೊರಬರುತ್ತದೆ ಎಂದು ಲೆಕ್ಕ ಹೇಳುತ್ತದೆ. ಆ ಎಳೆ ಕಣ್ಣಿಗೆ ಕಾಣುವುದಿಲ್ಲ, ಬಿಸಿಲಿನಲ್ಲಂತೂ ಕಾಣುವುದೇ ಇಲ್ಲ. ಚರ್ಮವನ್ನು ತೂರಿ ಒಳಹೋಗಲು ಏಳು ಬಾರ್ ಸಾಕು. ಇಲ್ಲಿರುವುದು ಅದರ ಐವತ್ತು ಪಟ್ಟು. ಬಟ್ಟೆಯ ಗವಸಾಗಲಿ ಚರ್ಮದ ಗವಸಾಗಲಿ ಅದರ ಮುಂದೆ ಇದ್ದೂ ಇಲ್ಲದ ಹಾಗೆ.

ಹುಡುಗ ಕೈ ತೊಳೆದುಕೊಂಡು ಬಂದ. ಮಧ್ಯಾಹ್ನ ಎಲ್ಲರ ಜೊತೆ ರೊಟ್ಟಿ ತಿಂದ. ಮೂರರ ಹೊತ್ತಿಗೆ ಬೆರಳು ಬಿಗಿಯುತ್ತಿದೆ ಎಂದ. ಸಂಜೆ ಏಳಕ್ಕೆ ಅದು ಬದನೆಕಾಯಿಯ ಹಾಗೆ ಊದಿ ಅಂಗೈಯವರೆಗೂ ನೋವು ಇಳಿದಿತ್ತು. ಊರಿನ ಒಂದು ನರ್ಸಿಂಗ್ ಹೋಮ್‌ನಲ್ಲಿ ಟಿ.ಟಿ. ಇಂಜೆಕ್ಷನ್ ಕೊಟ್ಟು, ನೋವಿನ ಮಾತ್ರೆ ಬರೆದು ಕಳಿಸಿದರು. ನಾವೂ "ಏನೋ ಚುಚ್ಚಿತು" ಎಂದಷ್ಟೇ ಹೇಳಿದ್ದೆವು, ಎಣ್ಣೆ ಒಳಹೋಗಿದೆ ಎಂದು ನಮಗೇ ಗೊತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಬೆರಳಿನ ತುದಿ ನೀಲಿಗಟ್ಟಿತ್ತು. ಹೊಸಪೇಟೆ, ಕೊಪ್ಪಳ, ಗದಗ ದಾಟಿ ಹುಬ್ಬಳ್ಳಿಯ ಒಂದು ದೊಡ್ಡ ಆಸ್ಪತ್ರೆ ಮುಟ್ಟುವಾಗ ಮಧ್ಯಾಹ್ನ ಮೂರು. ಶಸ್ತ್ರಚಿಕಿತ್ಸಕರು ಬೆರಳನ್ನು ನೋಡಿ ಕೇಳಿದ ಮೊದಲ ಪ್ರಶ್ನೆ, "ಎಷ್ಟು ಹೊತ್ತಾಯಿತು?" ನಾನು ಲೆಕ್ಕ ಹಾಕಿ ಇಪ್ಪತ್ತೆಂಟು ಗಂಟೆ ಎಂದೆ. ಅವರು ಮತ್ತೇನೂ ಕೇಳಲಿಲ್ಲ. ಎರಡು ಗೆಣ್ಣು ಹೋದವು.

ಆಮೇಲೆ ಓದಿ, ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬಿಡಿಸಿ ಬರೆಯುತ್ತೇನೆ. ಓದುವವರ ಮನೆಯಲ್ಲಿ, ಊರಿನಲ್ಲಿ ಇಂಥ ಯಂತ್ರದ ಬಳಿ ದುಡಿಯುವವರಿದ್ದರೆ ದಯವಿಟ್ಟು ಅವರಿಗೆ ಇದಿಷ್ಟನ್ನು ಓದಿ ಹೇಳಿ. ಒತ್ತಡದ ಎಣ್ಣೆ ಬೆರಳಿನೊಳಗೆ ಹೊಕ್ಕರೆ ಹೊಕ್ಕ ಕಡೆಯೇ ನಿಲ್ಲುವುದಿಲ್ಲ. ಬೆರಳನ್ನು ಮಡಿಸುವ ಸ್ನಾಯುರಜ್ಜುಗಳ ಸುತ್ತಲಿನ ಕೊಳವೆಯನ್ನು ಹಿಡಿದು ಅಂಗೈಯವರೆಗೆ, ಕೆಲವೊಮ್ಮೆ ಮುಂಗೈಯವರೆಗೂ ಹೋಗುತ್ತದೆ. ಮೊದಮೊದಲು ನೋವು ಕಡಿಮೆ, ಗಾಯವಂತೂ ಕಾಣುವುದೇ ಇಲ್ಲ. ಒಳಗೆ ಎಣ್ಣೆ ಅಂಗಾಂಶವನ್ನು ಸುಡುತ್ತ, ಬಾವು ರಕ್ತದ ದಾರಿಯನ್ನು ಹಿಚುಕುತ್ತ ಹೋಗುತ್ತದೆ. ಇದು ತುರ್ತು ಶಸ್ತ್ರಚಿಕಿತ್ಸೆಯ ವಿಷಯ. ಮಾತ್ರೆಯಿಂದ ಆಗುವ ಕೆಲಸವಲ್ಲ. ಬೆರಳನ್ನು ಸೀಳಿ ಎಣ್ಣೆಯನ್ನೂ ಸತ್ತ ಭಾಗವನ್ನೂ ತೆಗೆದು ತೊಳೆಯಬೇಕು. ಮೊದಲ ಆರು ಗಂಟೆಯೊಳಗೆ ಆದರೆ ಬೆರಳು ಉಳಿಯುವ ಭರವಸೆ ಹೆಚ್ಚು. ಇಂಥ ಗಾಯಗಳ ವರದಿಗಳನ್ನು ಒಟ್ಟುಗೂಡಿಸಿ ನೋಡಿದ ವೈದ್ಯರು, ಸುಮಾರು ಮೂರರಲ್ಲಿ ಒಂದು ಪಾಲು ಮಂದಿಗೆ ಬೆರಳನ್ನೋ ಅದರ ಭಾಗವನ್ನೋ ತೆಗೆಯಬೇಕಾಯಿತು ಎಂದು ಬರೆದಿದ್ದಾರೆ. ಡೀಸೆಲ್ ಇಂಜಿನ್ನಿನಿಂದ ಹೀಗೆ ಆದ ಗಾಯದ ವಿವರ ವೈದ್ಯಕೀಯ ಪತ್ರಿಕೆಯಲ್ಲಿ 1937ರಷ್ಟು ಹಿಂದೆಯೇ ಬಂದಿತ್ತು. ಎಪ್ಪತ್ತೆರಡು ವರ್ಷ ಕಳೆದರೂ ಅದು ಸಂಡೂರಿನ ಪ್ಲಾಟಿನವರೆಗೆ ಬಂದಿರಲಿಲ್ಲ.

ಹಾಗೇನಾದರೂ ಆದರೆ ಒತ್ತಬೇಡಿ, ಹಿಂಡಬೇಡಿ, ಬಿಗಿಯಾಗಿ ಕಟ್ಟಬೇಡಿ. ಕೈಯನ್ನು ಎದೆಯ ಮಟ್ಟಕ್ಕಿಂತ ಎತ್ತರ ಹಿಡಿದು, ಏನೂ ತಿನ್ನಿಸದೆ ಕುಡಿಸದೆ, ಶಸ್ತ್ರಚಿಕಿತ್ಸೆ ಮಾಡಬಲ್ಲ ಆಸ್ಪತ್ರೆಗೆ ನೇರವಾಗಿ ಹೋಗಿ. ಎಣ್ಣೆಯ ಡಬ್ಬಿಯ ಮೇಲಿನ ಚೀಟಿಯ ಫೋಟೋ ತೆಗೆದುಕೊಳ್ಳಿ. "350 ಬಾರ್ ಒತ್ತಡದಲ್ಲಿ ಹೈಡ್ರಾಲಿಕ್ ಎಣ್ಣೆ ಒಳಗೆ ಹೋಗಿದೆ" ಎಂದು ಇದೇ ಮಾತಿನಲ್ಲಿ ಹೇಳಿ. ನಾನು ಈಗ ಈ ವಾಕ್ಯವನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದ ಚೀಟಿಯೊಂದನ್ನು ನಮ್ಮ ಎಲ್ಲ ಕೆಲಸಗಾರರ ಪಾಕೀಟಿನಲ್ಲಿ ಇಡಿಸಿದ್ದೇನೆ. ಗಾಬರಿಯಲ್ಲಿ ಬಾಯಿಗೆ ಮಾತು ಬರುವುದಿಲ್ಲ, ಚೀಟಿಗೆ ಗಾಬರಿಯಾಗುವುದಿಲ್ಲ.

ಆ ಘಟನೆಯಾಗಿ ಎರಡು ತಿಂಗಳಿಗೆ ನಮ್ಮಲ್ಲಿಗೆ ಒಬ್ಬ ಹಿರಿಯ ಮೇಸ್ತ್ರಿ ಬಂದರು. ಓದಿದ್ದು ಏಳನೆಯ ತರಗತಿ. ಮೂವತ್ತು ವರ್ಷ ಗಣಿ, ಕಾಲುವೆ, ಅಣೆಕಟ್ಟು ಎಂದು ಯಂತ್ರಗಳ ಹಿಂದೆಯೇ ತಿರುಗಿದವರು. ಅವರು ಯಂತ್ರದ ಹತ್ತಿರ ಬಂದ ಕೂಡಲೇ ಪಾನಾ ಹಿಡಿಯುತ್ತಿರಲಿಲ್ಲ. ಮೊದಲು ಸುತ್ತ ಒಂದು ಸುತ್ತು ಹಾಕುತ್ತಿದ್ದರು. ಆಮೇಲೆ ಆಪರೇಟರಿಗೆ, "ಬಕೆಟ್ ನೆಲಕ್ಕೆ ಹಾಕು ತಮ್ಮಾ" ಎನ್ನುತ್ತಿದ್ದರು. ಬಕೆಟ್ ಪೂರ್ತಿ ನೆಲಕ್ಕೆ ಒರಗಿ, ಬೂಮಿನ, ಅಂದರೆ ಆರ್ಮನ್ನು ಹೊತ್ತ ದೊಡ್ಡ ತೋಳಿನ, ಭಾರವೆಲ್ಲ ಮಣ್ಣಿನ ಮೇಲೆ ಬಿದ್ದಮೇಲೆಯೇ ಇಂಜಿನ್ ಬಂದ್.

ಬಹಳ ಮಂದಿಗೆ ಕೆಲಸ ಅಲ್ಲಿಗೆ ಮುಗಿಯಿತು. ಸದ್ದು ನಿಂತಿತು, ಇನ್ನೇನು ಎಂದು ನಟ್ಟು ಬಿಚ್ಚಲು ಹೋಗುತ್ತಾರೆ. ಮೇಸ್ತ್ರಿ ಆಪರೇಟರಿನ ಸೀಟಿನಲ್ಲಿ ತಾವೇ ಕುಳಿತು, ಇಂಜಿನ್ ಚಾಲೂ ಮಾಡದೆ ಕೀಲಿಯನ್ನು ಮಾತ್ರ ಆನ್ ಮಾಡಿ, ಪಕ್ಕದ ಸುರಕ್ಷತಾ ಲಿವರನ್ನು ಬಿಡಿಸಿ, ಎರಡೂ ಕಡೆಯ ಲಿವರುಗಳನ್ನು ಮುಂದಕ್ಕೆ, ಹಿಂದಕ್ಕೆ, ಎಡಕ್ಕೆ, ಬಲಕ್ಕೆ ಪೂರ್ತಿಯಾಗಿ ಹಲವು ಸಲ ಆಡಿಸುತ್ತಿದ್ದರು. ಕೀಲಿ ಆನ್ ಇಲ್ಲದಿದ್ದರೆ ಲಿವರ್ ಎಷ್ಟು ಆಡಿಸಿದರೂ ವ್ಯರ್ಥ. ವಿದ್ಯುತ್ತಿನ ವಾಲ್ವ್ ತೆರೆಯುವುದಿಲ್ಲ, ಎಣ್ಣೆಯ ದಾರಿಯನ್ನು ತೆರೆದು ಮುಚ್ಚುವ ಸ್ಪೂಲಿಗೆ ಆದೇಶ ಮುಟ್ಟುವುದಿಲ್ಲ. ಈ ಒಂದು ವಿವರ ಗೊತ್ತಿಲ್ಲದೆ "ನಾನು ಪ್ರೆಶರ್ ಬಿಟ್ಟಿದ್ದೆ" ಎನ್ನುವ ಮೆಕ್ಯಾನಿಕ್‌ಗಳನ್ನು ಎಷ್ಟೋ ಕಂಡಿದ್ದೇನೆ. ಒಳಗೆ ನೈಟ್ರೋಜನ್ ಅನಿಲ ತುಂಬಿದ ಪುಟ್ಟ ಗುಂಡಿನಂಥ ಅಕ್ಯುಮುಲೇಟರ್ ಇರುತ್ತದೆ. ಇಂಜಿನ್ ನಿಂತ ಮೇಲೂ ಎತ್ತಿದ ಬೂಮನ್ನು ಇಳಿಸಲು ಬೇಕಾದಷ್ಟು ಒತ್ತಡವನ್ನು ಅದು ಹಿಡಿದಿಟ್ಟುಕೊಂಡಿರುತ್ತದೆ. ಲಿವರ್ ಆಡಿಸುವುದು ಅದನ್ನು ಬರಿದು ಮಾಡುವುದಕ್ಕೂ ಹೌದು. ಕಡೆಗೆ ಕೆಳಗಿಳಿದು ಎಣ್ಣೆ ಟ್ಯಾಂಕಿನ ಮೇಲಿನ ಬ್ರೀದರಿನ ಗುಂಡಿ ಒತ್ತುತ್ತಿದ್ದರು. ಉಸ್ಸೆಂದು ಗಾಳಿ ಹೊರಬರುತ್ತಿತ್ತು. "ಈಗ ಉಸಿರು ಬಿಟ್ಟಿತು ಸಾಹೇಬರೇ" ಎನ್ನುತ್ತಿದ್ದರು.

ಬಕೆಟ್ ನೆಲಕ್ಕೆ ಹಾಕುವುದರ ಮೇಲೆ ಅವರಿಗೆ ಅಷ್ಟೊಂದು ಹಟ ಏಕೆ ಎಂದು ಒಮ್ಮೆ ಕೇಳಿದೆ. ಅವರು ವಿವರಿಸಲಿಲ್ಲ, ಒಂದು ತುಂಬಿದ ಬಿಂದಿಗೆಯನ್ನು ನನ್ನ ತಲೆಯ ಮೇಲೆ ಇಟ್ಟು, "ನೀವು ಸುಮ್ಮನೆ ನಿಂತಿದ್ದೀರಿ, ಏನೂ ಕೆಲಸ ಮಾಡುತ್ತಿಲ್ಲ. ಆದರೆ ಕುತ್ತಿಗೆಯನ್ನು ಕೇಳಿ ನೋಡಿ" ಎಂದರು. ಎತ್ತಿ ನಿಲ್ಲಿಸಿದ ಬೂಮ್, ಆರ್ಮ್, ಬಕೆಟ್ ಸೇರಿ ಮೂರು ಟನ್ನಿಗೂ ಹೆಚ್ಚು ತೂಕ. ಇಂಜಿನ್ ನಿಂತಿದ್ದರೂ ಆ ತೂಕವನ್ನು ಹೊತ್ತಿರುವುದು ಸಿಲಿಂಡರಿನೊಳಗಿನ ಎಣ್ಣೆ. ಬೂಮ್ ಜಾರದಂತೆ ತಡೆಯುವ ವಾಲ್ವ್ ಆ ಎಣ್ಣೆಯನ್ನು ಒಳಗೇ ಬಂಧಿಸಿ ಇಟ್ಟಿರುತ್ತದೆ, ಅಲ್ಲಿ ಗಂಟೆಗಳು ಕಳೆದರೂ ಒತ್ತಡ ಇಳಿಯುವುದಿಲ್ಲ. ಅಂಥ ಜಾಗದಲ್ಲಿ ಒಂದು ನಟ್ಟು ಸಡಿಲಿಸಿದರೆ ಎಣ್ಣೆ ಮುಖಕ್ಕೆ ಹಾರುತ್ತದೆ, ಬೂಮ್ ನೆಲಕ್ಕೆ ಬರುತ್ತದೆ. ನಡುವೆ ಯಾರಿದ್ದಾರೆ ಎಂದು ಅದು ನೋಡುವುದಿಲ್ಲ.

ಇಷ್ಟೆಲ್ಲ ಆದಮೇಲೂ ಮೇಸ್ತ್ರಿ ನಟ್ಟನ್ನು ಒಮ್ಮೆಗೆ ಬಿಚ್ಚುತ್ತಿರಲಿಲ್ಲ. ಪಕ್ಕಕ್ಕೆ ನಿಂತು, ಮುಖ ತಿರುಗಿಸಿ, ಕಾಲು ಸುತ್ತು ಸಡಿಲಿಸಿ ಕಾಯುತ್ತಿದ್ದರು. ಎಣ್ಣೆ ಸುಮ್ಮನೆ ಜಿನುಗಿದರೆ ಸರಿ, ಚಿಮ್ಮಿದರೆ ಮತ್ತೆ ಬಿಗಿದು ಮೊದಲಿನಿಂದ ಶುರು. ಕೆಲಸದ ಎಣ್ಣೆಯ ಬಿಸಿ ಎಪ್ಪತ್ತು, ಎಂಬತ್ತು ಡಿಗ್ರಿ ಮುಟ್ಟಿರುತ್ತದೆ, ಮೈಮೇಲೆ ಬಿದ್ದರೆ ಬೊಬ್ಬೆ. ಹಾಗಾಗಿ ಕಾಯುವುದೂ ಕೆಲಸದ ಭಾಗವೇ ಆಗಿತ್ತು. ಸೋರಿಕೆ ಹುಡುಕುವುದಕ್ಕೆ ಅವರ ಬಳಿ ಸದಾ ಒಂದು ರಟ್ಟಿನ ತುಂಡು ಇರುತ್ತಿತ್ತು. ಉದ್ದನೆಯ ಕಡ್ಡಿಗೆ ಸಿಕ್ಕಿಸಿ ದೂರದಿಂದ ಪೈಪಿನ ಪಕ್ಕ ಹಿಡಿಯುತ್ತಿದ್ದರು. ಕಾಣದ ಎಳೆ ರಟ್ಟಿನ ಮೇಲೆ ಕಪ್ಪು ಗೆರೆ ಬರೆಯುತ್ತಿತ್ತು. ಮೊದಲ ಸಲ ಅದನ್ನು ನೋಡಿದಾಗ ನನಗೆ ಮಾತು ಹೊರಡಲಿಲ್ಲ. ಒಂದು ರಟ್ಟಿನ ತುಂಡಿಗೆ ಬೆಲೆ ಎಷ್ಟು?

ಆಯುಧಪೂಜೆಯ ದಿನ ನಾವು ಯಂತ್ರಗಳನ್ನು ತೊಳೆದು, ಬಾಳೆಕಂದು ಕಟ್ಟಿ, ಬಕೆಟ್ಟಿನ ಹಲ್ಲುಗಳಿಗೆ ವಿಭೂತಿ ಕುಂಕುಮ ಹಚ್ಚುತ್ತೇವೆ. ಹಚ್ಚಲು ಕೈಗೆ ಸಿಗಬೇಕಲ್ಲ, ಆದ್ದರಿಂದ ಬಕೆಟ್ ನೆಲದ ಮೇಲೆಯೇ ಇರುತ್ತದೆ. ಇಂಜಿನ್ ನಿಂತಿರುತ್ತದೆ. ಪೂಜೆ ಮಾಡುವವರು ಆರತಿ ಹಿಡಿದು ಯಂತ್ರಕ್ಕೆ ಒಂದು ಸುತ್ತು ಬರುತ್ತಾರೆ. ವರ್ಷಕ್ಕೊಮ್ಮೆ ಭಕ್ತಿಯಿಂದ ಮಾಡುವುದನ್ನೇ ಮೇಸ್ತ್ರಿ ದಿನಾ ಪಾನಾ ಹಿಡಿಯುವ ಮೊದಲು ಮಾಡುತ್ತಿದ್ದರು ಎಂದು ನನಗೆ ಅನ್ನಿಸಿದ್ದು ಬಹಳ ವರ್ಷಗಳ ಮೇಲೆ.

2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ಆ ಆದೇಶ ಏಕೆ ಬೇಕಾಯಿತು ಎಂಬುದು ಕನ್ನಡಿಗರಿಗೆಲ್ಲ ಗೊತ್ತಿದೆ. ಬೆಟ್ಟಗಳ ಕಡೆಯಿಂದ ನೋಡಿದರೆ ಅದು ಬರಬೇಕಾದ ಆದೇಶವೇ ಆಗಿತ್ತು ಎಂದು ನಾನೂ ನಂಬುತ್ತೇನೆ. ರಾತ್ರೋರಾತ್ರಿ ರಸ್ತೆಗಳು ಖಾಲಿಯಾದವು. ಯಂತ್ರಗಳು ಎಲ್ಲಿದ್ದವೋ ಅಲ್ಲೇ ನಿಂತವು. ಕೆಲವು ಬೂಮ್ ಚಾಚಿದ ಭಂಗಿಯಲ್ಲೇ, ಕೆಲವು ಬಕೆಟ್ ಅರ್ಧ ತುಂಬಿದ ಹಾಗೆಯೇ. ಇಂದೋ ನಾಳೆಯೋ ಶುರುವಾಗುತ್ತದೆ ಎಂದು ಎಲ್ಲರೂ ಕಾದರು.

ಹೈಡ್ರಾಲಿಕ್ ಯಂತ್ರಕ್ಕೆ ದುಡಿಮೆಗಿಂತ ಸುಮ್ಮನೆ ನಿಲ್ಲುವುದೇ ಹೆಚ್ಚು ಕಷ್ಟ. ಸಿಲಿಂಡರಿನಿಂದ ಹೊರಚಾಚಿದ ಕ್ರೋಮ್ ರಾಡು ಬಿಸಿಲು ಮಳೆಗೆ ಸಿಕ್ಕಿ ಅಲ್ಲಲ್ಲಿ ಚುಕ್ಕೆ ಚುಕ್ಕೆಯಾಗಿ ತುಕ್ಕು ಹಿಡಿಯುತ್ತದೆ. ಸೀಲುಗಳು ಒಂದೇ ಮಗ್ಗುಲಲ್ಲಿ ಕುಳಿತು ಬಿರುಸಾಗುತ್ತವೆ. ಟ್ಯಾಂಕಿನ ಒಳಗೆ ಗಾಳಿಯ ತೇವ ನೀರಾಗಿ ಎಣ್ಣೆಯ ತಳಕ್ಕೆ ಇಳಿಯುತ್ತದೆ. ನಿಲ್ಲಿಸುವಾಗಲೇ ರಾಡುಗಳನ್ನು ಆದಷ್ಟು ಒಳಗೆಳೆದು, ಹೊರಗುಳಿದ ಭಾಗಕ್ಕೆ ಗ್ರೀಸ್ ಬಳಿದು, ತಿಂಗಳಿಗೊಮ್ಮೆ ಓಡಿಸಿ, ಎಲ್ಲ ಸಿಲಿಂಡರುಗಳನ್ನೂ ಆಡಿಸಿದ್ದರೆ ಇಷ್ಟಾಗುತ್ತಿರಲಿಲ್ಲ. ಸಂಬಳವೇ ನಿಂತ ಊರಿನಲ್ಲಿ ಗ್ರೀಸ್ ಬಳಿಯುವವರು ಯಾರು?

2012ರ ಕೊನೆಯ ಹೊತ್ತಿಗೆ ಒಂದೊಂದಾಗಿ ಕೆಲವು ಗಣಿಗಳು ತೆರೆಯಲಾರಂಭಿಸಿದಾಗ ನಮಗೆ ರಿಪೇರಿಯ ಸುಗ್ಗಿ. ಹೊಸಪೇಟೆಯ ಒಂದು ಶೆಡ್ಡಿನಲ್ಲಿ ನಡೆದದ್ದು ನನಗೆ ಇವತ್ತಿಗೂ ಎದೆ ಝಲ್ಲೆನಿಸುತ್ತದೆ. ಬೂಮ್ ಸಿಲಿಂಡರೊಂದು ತುಕ್ಕಿನಿಂದ ಕಚ್ಚಿಕೊಂಡಿತ್ತು. ರಾಡಿನ ಕಡೆಯ ಮುಚ್ಚಳವಾದ ಗ್ಲ್ಯಾಂಡ್ ಬಿಚ್ಚಿದರೂ ರಾಡು ಹೊರಬರಲೊಲ್ಲದು. ಒಬ್ಬ ಮೆಕ್ಯಾನಿಕ್ ಕಂಪ್ರೆಸರಿನ ಪೈಪನ್ನು ಸಿಲಿಂಡರಿನ ಬಾಯಿಗೆ ಜೋಡಿಸಲು ಹೊರಟಿದ್ದ. ಗಾಳಿ ಬಿಟ್ಟು ತಳ್ಳೋಣ, ಪುಸಕ್ಕನೆ ಬರುತ್ತದೆ ಎಂದು ಅವನ ಲೆಕ್ಕ. ಮೇಸ್ತ್ರಿ ಓಡಿಬಂದು ಪೈಪನ್ನು ಕಿತ್ತುಕೊಂಡರು. ಅವರು ಓಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಲೆಕ್ಕ ಮಾಡಿ ನೋಡಿ. ಆ ಸಿಲಿಂಡರಿನ ಒಳವ್ಯಾಸ 120 ಮಿಲಿಮೀಟರ್, ಅಂದರೆ ಪಿಸ್ಟನ್ನಿನ ಮುಖ ಸುಮಾರು 113 ಚದರ ಸೆಂಟಿಮೀಟರ್. ಗ್ಯಾರೇಜಿನ ಕಂಪ್ರೆಸರಿನ, ಚದರ ಸೆಂಟಿಮೀಟರಿಗೆ ಎಂಟು ಕಿಲೋ ಒತ್ತಡದ ಗಾಳಿ ಅದರ ಮೇಲೆ ಕೂತರೆ 900 ಕಿಲೋ ತಳ್ಳುವ ಬಲ. ಎಣ್ಣೆಯನ್ನು 350 ಬಾರಿಗೆ ಒತ್ತಿದರೂ ಅದು ಕುಗ್ಗುವುದು ನೂರರಲ್ಲಿ ಎರಡು ಪಾಲಿನಷ್ಟು. ಬಿಟ್ಟುಕೊಟ್ಟ ಕೂಡಲೇ ಬಲ ಬಿದ್ದುಹೋಗುತ್ತದೆ. ಗಾಳಿ ಹಾಗಲ್ಲ. ಕುಗ್ಗಿ ಕೂತ ಸ್ಪ್ರಿಂಗಿನಂತೆ ಅದು ಬಿಡುಗಡೆಯಾದ ಮೇಲೂ ಹಿಗ್ಗುತ್ತ ತಳ್ಳುತ್ತಲೇ ಇರುತ್ತದೆ. ಕಚ್ಚಿಕೊಂಡ ತುಕ್ಕು ಒಮ್ಮೆಗೆ ಬಿಟ್ಟರೆ ಅಷ್ಟು ಭಾರದ ರಾಡು ಫಿರಂಗಿಯ ಗುಂಡಿನಂತೆ ಹೊರಡುತ್ತದೆ. ಎದುರಿಗೆ ಆ ಮೆಕ್ಯಾನಿಕ್ಕೇ ಬಗ್ಗಿ ನಿಂತಿದ್ದ. ಮೇಸ್ತ್ರಿ ಸಿಲಿಂಡರಿಗೆ ಎಣ್ಣೆ ತುಂಬಿಸಿ, ಕೈಪಂಪು ಜೋಡಿಸಿ, ಮುಂದೆ ಯಾರೂ ನಿಲ್ಲದಂತೆ ಮಾಡಿ ಒಂದೂವರೆ ಗಂಟೆ ಪಂಪು ಹೊಡೆಸಿದರು. ರಾಡು ಬೆರಳಗಲದಷ್ಟು ಬೆರಳಗಲದಷ್ಟೇ ಮುಂದೆ ಬಂತು. ಗ್ಯಾಸ್ ಕಟ್ಟರಿನಿಂದ ಸಿಲಿಂಡರನ್ನು ಕಾಯಿಸುವವರೂ ಇದ್ದಾರೆ. ಒಳಗೆ ಸಿಕ್ಕಿಬಿದ್ದ ಎಣ್ಣೆ ಕಾದು ಹಿಗ್ಗಿದರೆ ಸಿಲಿಂಡರೇ ಬಾಂಬು. ದಯವಿಟ್ಟು ಬೇಡ.

ಕೊಳೆಯ ವಿಷಯ ಹೇಳದಿದ್ದರೆ ಮೇಸ್ತ್ರಿ ನನ್ನನ್ನು ಕ್ಷಮಿಸುವುದಿಲ್ಲ. ಅಪಘಾತ ಬೇರೆ, ಸ್ವಚ್ಛತೆ ಬೇರೆ ಎಂದು ನಾನೂ ಬಹಳ ದಿನ ಅಂದುಕೊಂಡಿದ್ದೆ. ಮನುಷ್ಯನ ಕೂದಲಿನ ದಪ್ಪ ಎಪ್ಪತ್ತು ಮೈಕ್ರಾನಿನ (ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು ಒಂದು ಮೈಕ್ರಾನ್) ಆಸುಪಾಸು. ನಲವತ್ತಕ್ಕಿಂತ ಸಣ್ಣದು ಬರಿಗಣ್ಣಿಗೆ ಕಾಣುವುದೇ ಇಲ್ಲ. ಕಂಟ್ರೋಲ್ ವಾಲ್ವಿನ ಸ್ಪೂಲಿಗೂ ಅದರ ಮನೆಗೂ ನಡುವೆ ಇರುವ ಸಂದು ಕೆಲವೇ ಮೈಕ್ರಾನುಗಳದ್ದು. ಆದ್ದರಿಂದಲೇ ಎಣ್ಣೆಯ ಶುದ್ಧತೆಯನ್ನು ಅಳೆಯುವ ಐಎಸ್‌ಒ 4406 ಮಾನದಂಡ ಒಂದು ಮಿಲಿಲೀಟರಿನಲ್ಲಿ ನಾಲ್ಕು, ಆರು, ಹದಿನಾಲ್ಕು ಮೈಕ್ರಾನಿಗಿಂತ ದೊಡ್ಡ ಕಣಗಳು ಎಷ್ಟೆಷ್ಟಿವೆ ಎಂದು ಎಣಿಸುತ್ತದೆ. ಕಣ್ಣಿಗೆ ಕಾಣದ ಒಂದು ಕಣ ಸಂದಿನಲ್ಲಿ ಸಿಕ್ಕಿದರೆ ಸ್ಪೂಲು ಅಂಟಿಕೊಳ್ಳುತ್ತದೆ. ಆಗ ಆಪರೇಟರ್ ಲಿವರ್ ಬಿಟ್ಟರೂ ಆರ್ಮ್ ನಿಲ್ಲದೆ ಮುಂದುವರಿಯುತ್ತದೆ. ಕೆಳಗೆ ಪೈಪ್ ಹೂಳುತ್ತಿರುವ ಕೂಲಿಯವನಿಗೆ ಆ ಕಣ ಎಷ್ಟು ಮೈಕ್ರಾನಿನದು ಎಂಬುದರಿಂದ ಏನಾಗಬೇಕು?

ಅಂಗಡಿಯಿಂದ ತಂದ ಹೊಸ ಎಣ್ಣೆ ಶುದ್ಧವಾಗಿರುತ್ತದೆ ಎಂಬ ನಂಬಿಕೆಯೂ ಸರಿಯಲ್ಲ. ಅದನ್ನೂ ಫಿಲ್ಟರಿನ ಮೂಲಕವೇ ತುಂಬಬೇಕು. ನಮ್ಮಲ್ಲಿ 210 ಲೀಟರಿನ ಬ್ಯಾರೆಲ್‌ಗಳನ್ನು ಬಯಲಿನಲ್ಲಿ ನೆಟ್ಟಗೆ ನಿಲ್ಲಿಸಿಡುತ್ತಾರೆ. ಮಳೆ ಬಂದಾಗ ಮೇಲಿನ ಅಂಚಿನೊಳಗೆ ನೀರು ನಿಲ್ಲುತ್ತದೆ. ಹಗಲು ಬಿಸಿಲಿಗೆ ಬ್ಯಾರೆಲಿನೊಳಗಿನ ಗಾಳಿ ಹಿಗ್ಗಿ ಮುಚ್ಚಳದ ಸಂದಿನಿಂದ ಹೊರಹೋಗುತ್ತದೆ, ರಾತ್ರಿ ತಂಪಿಗೆ ಕುಗ್ಗಿ ಅದೇ ಸಂದಿನಿಂದ ನೀರನ್ನು ಒಳಗೆಳೆದುಕೊಳ್ಳುತ್ತದೆ. ಮುಚ್ಚಳ ಬಿಗಿಯಾಗಿಯೇ ಇದ್ದಂತೆ ಕಾಣುತ್ತದೆ. ಮೇಸ್ತ್ರಿ ಬ್ಯಾರೆಲ್‌ಗಳನ್ನು ಮಲಗಿಸಿ, ಎರಡು ಮುಚ್ಚಳಗಳೂ ಗಡಿಯಾರದ ಮೂರು ಮತ್ತು ಒಂಬತ್ತರ ಜಾಗಕ್ಕೆ ಬರುವಂತೆ ಉರುಳಿಸಿ ಇಡುತ್ತಿದ್ದರು. ಆಗ ಮುಚ್ಚಳಗಳು ಒಳಗಿನಿಂದ ಎಣ್ಣೆಯಲ್ಲಿ ಮುಳುಗಿರುತ್ತವೆ, ಉಸಿರಾಟವೇ ಇಲ್ಲ. ಗಾಜಿನ ಲೋಟದಲ್ಲಿ ಎಣ್ಣೆ ಹಿಡಿದು ಬೆಳಕಿಗೆ ನೋಡುವುದನ್ನೂ ಅವರೇ ಕಲಿಸಿದರು. ಮಜ್ಜಿಗೆಯಂತೆ ಬೆಳ್ಳಗಿದ್ದರೆ ನೀರು ಸೇರಿದೆ. ಕಪ್ಪಾಗಿ, ಸೀದ ಒಗ್ಗರಣೆಯ ವಾಸನೆ ಬಂದರೆ ಕಾದು ಕೆಟ್ಟಿದೆ. ಬಿಚ್ಚಿದ ಪೈಪಿನ ಬಾಯಿಗೆ ಬನಿಯನ್ ವೇಸ್ಟ್, ಅಂದರೆ ಒರೆಸುವ ಬಟ್ಟೆಯ ಚೂರು, ತುರುಕುವವರನ್ನು ಕಂಡರೆ ಅವರಿಗೆ ಸಿಟ್ಟು ನೆತ್ತಿಗೇರುತ್ತಿತ್ತು. ಅದರ ನೂಲೆಳೆ ಒಳಗೆ ಹೋಗುತ್ತದೆ. ಅವರ ಚೀಲದಲ್ಲಿ ಎಲ್ಲ ಅಳತೆಯ ಪ್ಲಾಸ್ಟಿಕ್ ಮುಚ್ಚಳಗಳಿರುತ್ತಿದ್ದವು.

ನನ್ನನ್ನು ಈಗಲೂ ಕಾಡುವ ಇನ್ನೊಂದು ಚಾಳಿ, ಒತ್ತಡ ಮಿತಿ ಮೀರದಂತೆ ಎಣ್ಣೆಯನ್ನು ಬಿಟ್ಟುಕೊಡುವ ರಿಲೀಫ್ ವಾಲ್ವಿನದು. ಯಂತ್ರ ಹಳತಾಯಿತು, ಪಂಪು ಸವೆಯಿತು, "ಪವರ್ ಕಮ್ಮಿ" ಎಂಬ ದೂರು ಬಂತು. ಮಾಲೀಕರು ಬಂದು, "ಸ್ಕ್ರೂ ಸ್ವಲ್ಪ ಟೈಟ್ ಮಾಡು" ಎನ್ನುತ್ತಾರೆ. ಗೇಜ್ ಕೂಡ ಹಾಕದೆ ಅರ್ಧ ಸುತ್ತು, ಒಂದು ಸುತ್ತು ಬಿಗಿಯುತ್ತಾರೆ. ಸವೆದ ಪಂಪಿನಲ್ಲಿ ಎಣ್ಣೆ ಒಳಗೊಳಗೇ ಹಿಂದಕ್ಕೆ ಜಾರುತ್ತಿರುತ್ತದೆ. ಸ್ಕ್ರೂ ಬಿಗಿದರೆ ಆ ಜಾರುವಿಕೆ ಹೆಚ್ಚಾಗುತ್ತದೆಯೇ ಹೊರತು ಯೌವನ ಮರಳುವುದಿಲ್ಲ, ಎಣ್ಣೆ ಮಾತ್ರ ಕಾಯುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಪ್ರತಿ ಹೋಸು, ಪ್ರತಿ ಬೆಸುಗೆ ಒಂದು ಒತ್ತಡವನ್ನು ನಂಬಿ ಮಾಡಿದ್ದು. ಹೊಸ ಹೋಸು ತನ್ನ ಕೆಲಸದ ಒತ್ತಡದ ನಾಲ್ಕು ಪಟ್ಟಿಗೆ ಸಿಡಿಯುವಂತೆ ಇರುತ್ತದೆ ನಿಜ. ಐದು ವರ್ಷ ಬಿಸಿಲು ಕುಡಿದು, ಕಲ್ಲಿಗೆ ಉಜ್ಜಿ, ಒಳಗಿನ ಉಕ್ಕಿನ ತಂತಿ ತುಕ್ಕು ಹಿಡಿದ ಹೋಸಿಗೆ ಆ ನಾಲ್ಕು ಪಟ್ಟು ಎಲ್ಲಿ ಉಳಿದಿರುತ್ತದೆ? ನಾನು ಒಬ್ಬ ಮಾಲೀಕರಿಗೆ ಇದನ್ನು ಹೇಳಿ ಕೆಲಸ ಕಳೆದುಕೊಂಡೆ. ಇನ್ನೊಮ್ಮೆ ಆ ಸಂದರ್ಭ ಬಂದರೂ ಅದನ್ನೇ ಹೇಳುತ್ತೇನೆ.

ಟಿಪ್ಪರ್ ಲಾರಿಗಳ ಬಗ್ಗೆ ಬರೆಯಲು ನನಗೆ ಕೈ ಬರುವುದಿಲ್ಲ. ಎತ್ತಿದ ಡಾಲಿಯ, ಅಂದರೆ ಸರಕು ತುಂಬುವ ತೊಟ್ಟಿಯ, ಕೆಳಗೆ, ಜಾಕ್ ಒಂದನ್ನೇ ನಂಬಿ, ತಲೆ ತೂರಿಸಿ ಕೆಲಸ ಮಾಡುವವರನ್ನು ಇವತ್ತಿಗೂ ಹೆದ್ದಾರಿಯ ಬದಿಯಲ್ಲಿ ನೋಡುತ್ತೇವೆ. ಡಾಲಿಗೆ ಊರೆಗೋಲು ಕೊಡದೆ ಯಾರೂ ಕೆಳಗೆ ಹೋಗಬಾರದು, ಒಂದು ನಿಮಿಷಕ್ಕೂ. ನಾನು ಇಬ್ಬರ ಸಾವಿನ ಮನೆಗೆ ಹೋಗಿದ್ದೇನೆ. ಇಷ್ಟೇ ಸಾಕು.

ಮೇಸ್ತ್ರಿ ಈಗ ಊರಲ್ಲಿದ್ದಾರೆ, ಕಣ್ಣು ಮಂಜಾಗಿದೆ. ಹತ್ತೂ ಬೆರಳು ನೆಟ್ಟಗಿವೆ.

ಆ ಹುಡುಗ ಹೊಸಪೇಟೆಯ ಹತ್ತಿರ ಹೆದ್ದಾರಿಯ ಬದಿಯಲ್ಲಿ ಹೋಸ್ ಪೈಪ್ ಮಾಡಿಕೊಡುವ ಸಣ್ಣ ಅಂಗಡಿ ಇಟ್ಟಿದ್ದಾನೆ. ಅಳತೆಗೆ ಕತ್ತರಿಸಿ, ತುದಿಗೆ ಫಿಟಿಂಗ್ ಕೂರಿಸಿ ಪ್ರೆಸ್ಸಿನಲ್ಲಿ ಒತ್ತಿಕೊಡುವ ಕೆಲಸ. ಇದನ್ನೆಲ್ಲ ಬರೆದು, ಪ್ರಕಟಿಸುವ ಮೊದಲು ಅವನಿಗೆ ಫೋನಿನಲ್ಲಿ ಓದಿ ಹೇಳಿದೆ. ಅವನು ಒಪ್ಪದಿದ್ದರೆ ಮೊದಲ ಭಾಗವನ್ನು ತೆಗೆದುಹಾಕಬೇಕು ಎಂದುಕೊಂಡಿದ್ದೆ. ಕೊನೆಯವರೆಗೂ ಕೇಳಿ, ಎರಡು ಕಡೆ ತಿದ್ದಿದ.

"ಸೂಜಿ ಎಂದು ನಾನು ಹೇಳಲಿಲ್ಲ ಅಣ್ಣಾ. ಏನೋ ಕಡಿಯಿತು ಎಂದೆ. ಸೂಜಿ ಚುಚ್ಚಿದ ಹಾಗೆ ಕಾಣುತ್ತದೆ ಎಂದವರು ನೀವು." ಆಮೇಲೆ ಸ್ವಲ್ಪ ತಡೆದು ಹೇಳಿದ, "ಕೈ ತೊಳೆದುಕೊಂಡು ಬಂದಮೇಲೆ ನಾನು ಸುಮ್ಮನೆ ಕೂರಲಿಲ್ಲ. ಹೊಸ ಹೋಸು ಹಾಕುವವರೆಗೆ ಪಾನಾ ಹಿಡಿದುಕೊಟ್ಟೆ. ಒಂದು ತಾಸು ಹಿಡಿಯಿತು. ನಿಮಗೆ ನೆನಪಿಲ್ಲವೇ?"

ನನಗೆ ನೆನಪಿರಲಿಲ್ಲ. ಅವನು ಹೇಳಿದ ಮೇಲೆ ಆ ಕೈ ಕಣ್ಣಮುಂದೆ ಬಂತು, ಹದಿನೇಳರ ಪಾನಾ, ಮಡಿಸಲಾಗದೆ ನೆಟ್ಟಗೆ ಚಾಚಿದ ತೋರುಬೆರಳು. ಮೇಲಿನದನ್ನು ನಾನು ತಿದ್ದಿಲ್ಲ, ನನಗೆ ನೆನಪಿದ್ದಂತೆ ಬಿಟ್ಟಿದ್ದೇನೆ. ಅವನು ಹೇಳಿದ್ದನ್ನು ಇಲ್ಲಿ ಸೇರಿಸಿದ್ದೇನೆ. "ಹಾಕಿ ಅಣ್ಣಾ, ಪರವಾಗಿಲ್ಲ" ಎಂದ.

ಇನ್ನೂ ಏನೋ ಹೇಳುವವನಿದ್ದೆ. ಅಷ್ಟರಲ್ಲಿ ಅವನ ಅಂಗಡಿಗೆ ಯಾರೋ ಒಡೆದ ಹೋಸು ಹಿಡಿದುಕೊಂಡು ಅವಸರದಲ್ಲಿ ಬಂದಿದ್ದರು. ಫೋನು ಇಡುವ ಮೊದಲು ಅವನು ಅವರನ್ನು ಕೇಳಿದ್ದು ನನಗೂ ಕೇಳಿಸಿತು: "ಯಂತ್ರ ಹೇಗೆ ಬಿಟ್ಟು ಬಂದಿರಿ? ಬಕೆಟ್ ಮೇಲಿದೆಯೋ, ನೆಲಕ್ಕಿದೆಯೋ?"